ಕ್ರಿಮಿನಲ್ ವಕಾಲತ್ತಿನ ಜೊತೆಗೆ ಪಂಚಾಯಿತಿ ಪ್ರಕರಣಗಳು: ಅನುಭವಿಗಳ ಸಲಹೆ ಬೇಕು

ಪ್ರಶ್ನೆ: ಹಿರಿಯರಿಗೆ ನಮಸ್ಕಾರ. ತಾಲ್ಲೂಕು ನ್ಯಾಯಾಲಯದಲ್ಲಿ ಕೆಲವು ವರ್ಷಗಳಿಂದ ಜಾಮೀನು ಅರ್ಜಿ, ಕ್ರಿಮಿನಲ್ ವಿಚಾರಣೆಗಳನ್ನು ನಡೆಸುತ್ತಿದ್ದೇನೆ. ಈಚೆಗೆ ಗ್ರಾಮ ಪಂಚಾಯಿತಿಯ ತಕರಾರುಗಳನ್ನು ಹಿಡಿದು ಬರುವ ಕಕ್ಷಿದಾರರು ಹೆಚ್ಚಾಗಿದ್ದಾರೆ. ಎರಡನ್ನೂ ಒಟ್ಟಿಗೆ ನಡೆಸಬಹುದೇ? ಯಾವುದರಲ್ಲಿ ಎಚ್ಚರ ಬೇಕು?

ಮೊದಲ ಉತ್ತರ: ನಡೆಸಬಹುದು, ನಡೆಸಲೇಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹಳ್ಳಿಯ ಒಂದೇ ಜಗಳ ಎರಡು ಕಡತಗಳಾಗಿ ನಿಮ್ಮ ಮೇಜಿಗೆ ಬರುತ್ತದೆ. ಒತ್ತುವರಿ ತೆರವಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಂದಾಗ ಮಾತಿಗೆ ಮಾತು ಬೆಳೆದರೆ, ಸಂಜೆಯೊಳಗೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ (ಕರ್ತವ್ಯ ತಡೆಯಲು ಸರ್ಕಾರಿ ನೌಕರರ ಮೇಲೆ ಹಲ್ಲೆ ಅಥವಾ ಬಲಪ್ರಯೋಗ; ಹಿಂದಿನ ದಂಡ ಸಂಹಿತೆಯ 353) ಅಡಿಯಲ್ಲಿ ಎಫ್‌ಐಆರ್ ದಾಖಲಾಗಿರುತ್ತದೆ, ಮರುದಿನ ಅದೇ ಕಕ್ಷಿದಾರರು ತೆರವಿನ ನೋಟಿಸಿಗೆ ತಡೆಯಾಜ್ಞೆ ಬೇಕೆಂದು ಕುಳಿತಿರುತ್ತಾರೆ. ಆಗ ತಡೆಯಾಜ್ಞೆಗಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯ ಅಫಿಡವಿಟ್‌ನಲ್ಲಿ "ನಾನೇ ಅಡ್ಡ ನಿಂತು ಕೆಲಸ ನಿಲ್ಲಿಸಿದೆ" ಎಂದು ಉತ್ಸಾಹದಲ್ಲಿ ಬರೆಸಿದರೆ, ನಿರೀಕ್ಷಣಾ ಜಾಮೀನಿನ ಅರ್ಜಿಯಲ್ಲಿ "ಸ್ಥಳದಲ್ಲೇ ಇರಲಿಲ್ಲ" ಎಂದದ್ದು ಅಲ್ಲಿಗೇ ಮುಗಿಯಿತು. ಅಭಿಯೋಜಕರು ಆ ಸಾಲನ್ನೇ ಎತ್ತಿ ಓದುತ್ತಾರೆ. ಎರಡೂ ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ ಮೇಲೆಯೇ ಕಕ್ಷಿದಾರರ ಸಹಿ ಪಡೆಯಿರಿ.

ಇನ್ನೊಂದು ಮಾತು. ಕರ್ತವ್ಯಕ್ಕೆ ಅಡ್ಡಿ ಎಂಬ 221ನೇ ಕಲಮನ್ನು ಪೊಲೀಸರು ಬಹಳ ಸಲೀಸಾಗಿ ಸೇರಿಸುತ್ತಾರೆ. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಈಗಿನ ಕಾನೂನು) 215ನೇ ಕಲಂ ಪ್ರಕಾರ ಸಂಬಂಧಪಟ್ಟ ಅಧಿಕಾರಿ ಅಥವಾ ಅವರ ಮೇಲಧಿಕಾರಿ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡದೆ ನ್ಯಾಯಾಲಯ ಆ ಅಪರಾಧದ ಕಾಗ್ನಿಜೆನ್ಸ್ ತೆಗೆದುಕೊಳ್ಳುವಂತಿಲ್ಲ, ಅಂದರೆ ಅದನ್ನು ವಿಚಾರಣೆಗೆ ಕೈಗೆತ್ತಿಕೊಳ್ಳುವಂತಿಲ್ಲ. ದೋಷಾರೋಪ ಪಟ್ಟಿ ಕೈಗೆ ಬಂದ ದಿನವೇ ಇದನ್ನು ನೋಡಿ. 132ಕ್ಕೆ ಈ ರಕ್ಷಣೆ ಇಲ್ಲ ಎಂಬುದನ್ನೂ ಕಕ್ಷಿದಾರರಿಗೆ ಸ್ಪಷ್ಟವಾಗಿ ಹೇಳಿಬಿಡಿ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ನನ್ನ ಸಹಮತವಿದೆ. ನಾನು ಸೇರಿಸಬೇಕಾದದ್ದು ನಡಾವಳಿ ಪುಸ್ತಕದ (ಪಂಚಾಯಿತಿ ಸಭೆಯ ಠರಾವುಗಳನ್ನು ಬರೆದಿಡುವ ಪುಸ್ತಕ) ಬಗ್ಗೆ. ಪಂಚಾಯಿತಿ ಪ್ರಕರಣದಲ್ಲಿ ಕಕ್ಷಿದಾರರ ಕಥೆಗಿಂತ ಆ ಪುಸ್ತಕವೇ ಹೆಚ್ಚು ಮಾತಾಡುತ್ತದೆ. ಕೊನೆಯ ಠರಾವಿಗೂ ಸದಸ್ಯರ ಸಹಿಗಳಿಗೂ ನಡುವೆ ಬೇರೆ ಶಾಯಿಯಲ್ಲಿ ತುರುಕಿದ ಎರಡು ಸಾಲುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೃಢೀಕೃತ ನಕಲಿಗೆ ಅರ್ಜಿ ಹಾಕುವುದರ ಜೊತೆಗೆ, ಮಾಹಿತಿ ಹಕ್ಕಿನಲ್ಲಿ ಮೂಲ ಪುಸ್ತಕದ ಪರಿಶೀಲನೆಯನ್ನೂ ಕೇಳಿ. ಕಪ್ಪುಬಿಳುಪು ನಕಲಿನಲ್ಲಿ ಶಾಯಿಯ ವ್ಯತ್ಯಾಸ ಕಾಣುವುದಿಲ್ಲ.

ಚುನಾವಣಾ ತಕರಾರಾದರೆ ಮೊದಲು ದಿನಾಂಕ ನೋಡಿ. 1993ರ ಪಂಚಾಯತ್ ರಾಜ್ ಅಧಿನಿಯಮದ 15ನೇ ಕಲಮಿನಂತೆ ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಚುನಾವಣಾ ಅರ್ಜಿ ಸಲ್ಲಿಸಬೇಕು. ಪಂಚಾಯಿತಿ ಚುನಾವಣೆಯನ್ನು ಚುನಾವಣಾ ಅರ್ಜಿಯ ಮೂಲಕವೇ ಪ್ರಶ್ನಿಸಬೇಕು ಎನ್ನುವ ಸಂವಿಧಾನದ 243-ಓ ವಿಧಿ ಇರುವುದರಿಂದ, ನೇರವಾಗಿ ಹೈಕೋರ್ಟಿಗೆ ಹೋಗೋಣ ಎಂದು ಹಟ ಹಿಡಿಯುವ ಕಕ್ಷಿದಾರರು ಆ 30 ದಿನಗಳನ್ನು ಅಲ್ಲೇ ಕಳೆದುಕೊಳ್ಳುತ್ತಾರೆ.

ಮೂರನೆಯ ಉತ್ತರ: ಲೋಕಾಯುಕ್ತ ಟ್ರ್ಯಾಪ್ ಪ್ರಕರಣಗಳನ್ನೂ (ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿಯುವ ಪ್ರಕರಣಗಳು) ಕಲಿಯಿರಿ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರಚನೆಯನ್ನು ರದ್ದುಪಡಿಸಿದ ಮೇಲೆ ಇವೆಲ್ಲ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿವೆ. ಪುಡಿ ಸವರಿದ ನೋಟು ಮುಟ್ಟಿದ ಆರೋಪಿಯ ಕೈ ತೊಳೆಸಿದ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಪ್ರಕರಣ ಸಾಬೀತಾಗುವುದಿಲ್ಲ, ಲಂಚದ ಬೇಡಿಕೆಯೂ ರುಜುವಾಗಬೇಕು. ಆದರೆ ದೂರುದಾರ ತಿರುಗಿಬಿದ್ದರೆ ಆರೋಪಿ ಪಾರಾದಂತೆಯೇ ಎಂಬ ಹಳೆಯ ಧೈರ್ಯ ಬೇಡ. ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ, ಬೇಡಿಕೆಯನ್ನು ಸಾಂದರ್ಭಿಕ ಸಾಕ್ಷ್ಯದಿಂದಲೂ ರುಜುವಾತು ಮಾಡಬಹುದು ಎಂದಿದೆ.

ಕೊನೆಯದಾಗಿ, ಪಂಚಾಯಿತಿಯ ಪರ ವಕಾಲತ್ತು ಹಾಕುವ ಮುನ್ನ ನಿಮ್ಮ ಹಳೆಯ ಕಡತಗಳನ್ನು ತಿರುವಿ ನೋಡಿ. ಯಾವ ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟಿದ್ದೀರೋ ಅದೇ ವಿಷಯದಲ್ಲಿ ಅವರ ಎದುರಾಳಿಯ ಪರ ನಿಲ್ಲುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಸಣ್ಣ ತಾಲ್ಲೂಕಿನಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರೇ ಆಗಿರುವುದರಿಂದ, ಒಪ್ಪಿಕೊಂಡ ಮತ್ತು ಒಪ್ಪದ ಪ್ರಕರಣಗಳ ಪಟ್ಟಿಯನ್ನು ಬರೆದಿಡುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಿ.