ಅರಬ್ಬಿಯ ‘ನ-ದ-ಫ’ ಧಾತು: ಹತ್ತಿಗೂ ಹಿಮಕ್ಕೂ ಏನು ನಂಟು?

ಪ್ರಶ್ನೆ
ಉತ್ತರ ಕರ್ನಾಟಕದಲ್ಲಿ ನದಾಫ ಎಂಬ ಅಡ್ಡಹೆಸರು ಬಳಕೆಯಲ್ಲಿದೆ. ಹತ್ತಿ ಹಿಂಜಿ ಗಾದಿ ತುಂಬುವ ಕಸುಬಿನಿಂದ ಬಂದ ಹೆಸರದು. ಅದರ ಮೂಲವಾದ ಅರಬ್ಬಿ ಧಾತುವನ್ನು ನಿಘಂಟಿನಲ್ಲಿ ಹುಡುಕಿದಾಗ, ಆಕಾಶದಿಂದ ಹಿಮ ಉದುರುವುದು, ಸವಾರಿ ಪ್ರಾಣಿ ಬೇಗಬೇಗ ಮುಂಗಾಲು ಹಾಕುವುದು ಎಂಬ ಅರ್ಥಗಳೂ ಸಿಕ್ಕವು. ಇವೆಲ್ಲ ಒಂದೇ ಧಾತುವಿನಡಿ ಹೇಗೆ ಕೂಡಿಕೊಂಡವು?

ಉತ್ತರ 1
ಧಾತುವಿನ ಜೀವ ಇರುವುದು ಹತ್ತಿಯಲ್ಲಲ್ಲ, ಬಡಿತದಲ್ಲಿ ಎಂಬುದು ನನ್ನ ಅಭಿಪ್ರಾಯ. ಹಿಂಜುವವನು ಕಮಾನಿನ ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ ಹಿಡಿದು, ಮರದ ಕೊಡತಿಯಿಂದ ಅದಕ್ಕೆ ಒಂದೇ ಸಮನೆ ಬಡಿಯುತ್ತಾನೆ; ಅದುರುವ ತಂತಿಗೆ ಸಿಕ್ಕ ಹತ್ತಿ ಎಳೆಎಳೆಯಾಗಿ ಬಿಡಿಸಿಕೊಂಡು ಮೇಲೆ ಹಾರಿ, ಪಕ್ಕದಲ್ಲಿ ಹಗುರಾಗಿ ಬಂದು ಬೀಳುತ್ತದೆ. ಇಬ್ನ್ ಮನ್ಜೂರ್ 13ನೇ ಶತಮಾನದ ಕೊನೆಯಲ್ಲಿ ಸಂಕಲಿಸಿದ ‘ಲಿಸಾನುಲ್ ಅರಬ್’ ನಿಘಂಟು ಹತ್ತಿಯನ್ನು ಬಡಿದು ಹಿಂಜುವ ಸಾಧನವನ್ನು ‘ಮಿಂದಫ್’ ಎನ್ನುತ್ತದೆ. ಹಿಂಜಿದ ಅರಳೆ ‘ನದೀಫ್’, ಹಿಂಜುವವನು ‘ನದ್ದಾಫ್’. ಬಿಡುವಿಲ್ಲದ ಆ ಬಡಿತವನ್ನು ಗಮನಿಸಿದರೆ ಮುಂಗಾಲುಗಳ ಚುರುಕು ನಡೆಗೆ ಅದೇ ಕ್ರಿಯಾಪದ ಒದಗಿದ್ದು ಸಹಜವೆನಿಸುತ್ತದೆ. ಹಾರಿ ಬೀಳುವ ಅರಳೆಯನ್ನು ಗಮನಿಸಿದರೆ ಹಿಮದ ಅರ್ಥ ತಾನಾಗಿಯೇ ತಿಳಿಯುತ್ತದೆ. ಇಂದಿನ ಅರಬ್ಬಿಯಲ್ಲೂ ಹಿಮದ ಹಳುಕಿಗೆ ‘ನುದ್ಫ’ ಎಂದೇ ಹೆಸರು.

ಉತ್ತರ 2
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ‘ಹ-ಲ-ಜ’ ಧಾತುವನ್ನು ಇದರೊಂದಿಗೆ ಬೆರೆಸಬಾರದು, ಏಕೆಂದರೆ ಅದು ಹತ್ತಿಯಿಂದ ಬೀಜ ಬಿಡಿಸುವ ಕೆಲಸ, ಅಂದರೆ ಹಿಂಜುವುದಕ್ಕಿಂತ ಮೊದಲಿನ ಹಂತ. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜ್ ಅವರ ಹೆಸರಿನಲ್ಲಿರುವುದು ಆ ಧಾತು. ಅನುವಾದಗಳಲ್ಲಿ ಎರಡೂ ಕಸುಬುಗಳಿಗೆ ‘ಹಿಂಜುವವನು’ ಎಂದೇ ಬರೆದುಬಿಡುವುದರಿಂದ, ನೇಕಾರರಿಗೂ ಗಾದಿ ಹೊಲಿಯುವವರಿಗೂ ಚೆನ್ನಾಗಿ ಗೊತ್ತಿರುವ ವ್ಯತ್ಯಾಸ ಓದುಗರ ಪಾಲಿಗೆ ಅಳಿಸಿಹೋಗುತ್ತದೆ. ಇನ್ನು ಕುರಾನಿನ 101ನೇ ಅಧ್ಯಾಯದಲ್ಲಿ ಪರ್ವತಗಳು ಹಿಂಜಿದ ಉಣ್ಣೆಯಂತಾಗುವವು ಎಂಬಲ್ಲಿ ಬಂದಿರುವುದು ಮೂರನೆಯದೊಂದು ಧಾತು, ‘ನ-ಫ-ಶ’. ಅದರ ಒತ್ತು ಬಡಿಯುವುದರ ಮೇಲಲ್ಲ, ಕೆದರಿ ಬಿಡಿಬಿಡಿಯಾಗಿಸುವುದರ ಮೇಲೆ.

ಉತ್ತರ 3
ಹತ್ತಿ ಎಂಬ ವಸ್ತುವಿಗೇ ಇರುವ ಪದ ‘ಕುತ್ನ್’. ಅದೇ ಅಕ್ಷರಗಳಿಂದ ‘ನೆಲೆಸು’ ಎಂಬರ್ಥದ ‘ಕತನ’ ಕ್ರಿಯಾಪದವೂ ಇದೆ. ಆದರೆ ಬಡಿತವೂ ಹಿಮವೂ ಒಂದೇ ಕೈಕೆಲಸದಿಂದ ಹೊಮ್ಮಿದಂತೆ ಇಲ್ಲಿ ಎರಡು ಅರ್ಥಗಳನ್ನು ಬೆಸೆಯುವ ಕೆಲಸವೇನೂ ಕಾಣುವುದಿಲ್ಲವಾದ್ದರಿಂದ, ಅವನ್ನು ಬಲವಂತವಾಗಿ ಜೋಡಿಸದೆ ಬೇರೆಯಾಗಿಯೇ ಇಟ್ಟು ಓದುವುದು ಒಳ್ಳೆಯದು.