ಬಡ್ತಿಗೆ ರಾಣಿಯೋ, ಆನೆಯೋ?

ಪ್ರಶ್ನೆ (ಹಾಸನ): ಮಹಾರಾಜ ಪಾರ್ಕಿನಲ್ಲಿ ಚೆಸ್ ಆಡುವ ಹಿರಿಯರೊಬ್ಬರು ಕೊಟ್ಟ ಸಮಸ್ಯೆ ಇದು (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲು, ಅಂಕೆ ಅಡ್ಡಸಾಲು). ಬಿಳಿ ರಾಜ ಸಿ2ರಲ್ಲಿ, ಕಾಲಾಳು ಸಿ7ರಲ್ಲಿ. ಕಪ್ಪು ರಾಜ ಎ1ರಲ್ಲಿ, ಆನೆ ಡಿ4ರಲ್ಲಿ. ನಡೆ ಬಿಳಿಯದು. ಕಾಲಾಳು ಕೊನೆಯ ಸಾಲಿನ ಸಿ8ಕ್ಕೆ ನುಗ್ಗಿ, ಬಡ್ತಿ ಪಡೆದು ರಾಣಿಯಾದರೆ ಗೆಲುವು ಖಚಿತವಲ್ಲವೇ?

ಸಕಲೇಶಪುರದಿಂದ: ಖಂಡಿತ ಅಲ್ಲ. ಕಪ್ಪು ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆದರೆ ಕಪ್ಪು ರಾಜನಿಗೆ ಎ2, ಬಿ1, ಬಿ2 ಮೂರೂ ಮನೆ ಮುಚ್ಚಿ ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ನಡೆಯೇ ಉಳಿಯದೆ ಡ್ರಾ) ಆಗುತ್ತದೆ, ಹೊಡೆಯದಿದ್ದರೆ ರಾಣಿಯೇ ಹೋಗುತ್ತದೆ. ಕಾಲಾಳಿಗೆ ಆನೆಯಾಗಿ ಬಡ್ತಿ ಕೊಡಿ, ಎ8ರಲ್ಲಿ ಮೇಟ್ ಬೆದರಿಕೆ ಹುಟ್ಟುತ್ತದೆ.

ಪ್ರಶ್ನೆ ಕೇಳಿದವರು: ಆದರೆ ಕಪ್ಪು ಆನೆ ಎ4ಕ್ಕೆ ಸರಿದು ತಡೆದರೆ, ಆನೆಗೆ ಆನೆ ಸಮವಾಗಿ ಆಟ ಡ್ರಾ ಆಗುವುದಿಲ್ಲವೇ? ರಾಜನನ್ನು ಸಿ3ಕ್ಕೆ ಸರಿಸುವುದೇ ಮೇಲೆನಿಸುತ್ತದೆ.

ಚಿಕ್ಕಮಗಳೂರಿನಿಂದ: ಸಿ3ಕ್ಕೆ ಹೋದರೆ ಕಪ್ಪು ಆನೆ ಡಿ1ಕ್ಕೆ ಇಳಿಯುತ್ತದೆ, ಪ್ರಗತಿ ಶೂನ್ಯ. ಎ4ಕ್ಕೆ ಉತ್ತರ ರಾಜ ಬಿ3: ಆ ಒಂದೇ ನಡೆ ಆನೆಯನ್ನೂ ಮುಟ್ಟುತ್ತದೆ, ಸಿ1ರಲ್ಲಿ ಮೇಟನ್ನೂ ಸಿದ್ಧಪಡಿಸುತ್ತದೆ, ಎರಡನ್ನೂ ತಪ್ಪಿಸಲು ಕಪ್ಪಿಗೆ ದಾರಿಯಿಲ್ಲ. ಅಂದಹಾಗೆ, 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯಲ್ಲಿ ಚೆಸ್ ಅಂಕಣಕಾರ ಬಾರ್ಬಿಯೆ ಇದನ್ನು ಡ್ರಾ ಎಂದೇ ಪ್ರಕಟಿಸಿದ್ದರು. ಆನೆಯ ಬಡ್ತಿಯನ್ನು ಕಂಡವರು ಸಾವೆದ್ರಾ ಎಂಬ ಪಾದ್ರಿ.