ಸಹಾಯ ಬೇಕು: ಸ್ಕ್ರೀನ್ ಒಂದೇ, ಕೊನೆಯ ಮಾತು ಯಾರದ್ದು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಕೊಟ್ಟಾರದ ಹತ್ತಿರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಂ ಮ್ಯಾನೇಜರ್ ಆಗಿದ್ದೇನೆ. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಆ್ಯಪ್‌ನಲ್ಲಿ ರೋಗಿಯ ಒಪ್ಪಿಗೆ ಕೇಳುವ ಸ್ಕ್ರೀನ್ ಆಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಕನ್ನಡ, ಕೊಂಕಣಿ ಅದರಲ್ಲಿವೆ, ತುಳು ಇಲ್ಲ. ನಮ್ಮೂರ ರೋಗಿಗಳಿಗೆ ತುಳುವೂ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಲೀಗಲ್‌ನವರು ವಾಕ್ಯ ಸೇರಿಸುತ್ತಾರೆ, ಮೊಬೈಲಿನಲ್ಲಿ ಹಿಡಿಯುವುದಿಲ್ಲ ಎಂದು ಡಿಸೈನ್‌ನವರು ಕತ್ತರಿಸುತ್ತಾರೆ. ಫೈನಲ್ ಪಠ್ಯ ಸಿಗದೆ ಬೆಂಗಳೂರಿನ ಬ್ಯಾಕೆಂಡ್ ಟೀಮಿನ ಕೆಲಸ ನಿಂತಿದೆ. ಯಾವ ಕೆಲಸಕ್ಕೆ ಯಾರು ಹೊಣೆ ಎಂದು ಬರೆಯುವ ರೇಸಿ (RACI) ಚಾರ್ಟ್‌ನಲ್ಲಿ ಒಂದು ಕೆಲಸಕ್ಕೆ ಕೊನೆಯ ಹೊಣೆಗಾರರು ಒಬ್ಬರೇ ಇರಬೇಕು. ನಮ್ಮಲ್ಲಿ ಆ ಕಾಲಂನಲ್ಲಿ ಮೂವರು ವಿಭಾಗ ಮುಖ್ಯಸ್ಥರಿದ್ದಾರೆ, ಮೂವರೂ ನನಗಿಂತ ಹಿರಿಯರು.

ಇಂಥ ಕಡೆ ಯಾರಿಗೂ ಬೇಸರವಾಗದಂತೆ ಒಬ್ಬರ ಹೆಸರು ಗಟ್ಟಿ ಮಾಡಿಸುವುದು ಹೇಗೆ? ಮೀಟಿಂಗಿಗೆ ಮೊದಲೇ ಒಬ್ಬೊಬ್ಬರ ಹತ್ತಿರ ಮಾತಾಡಿದಿರಾ, ಅಥವಾ ನೇರ ಮೇಲಿನವರಿಗೆ ಒಯ್ದಿರಾ? ಯಾರು ಏನು ತೀರ್ಮಾನಿಸಿದರು ಎಂದು ಬರೆದಿಡುವ ಡಿಸಿಷನ್ ಲಾಗ್‌ನ ನಮೂನೆ ಇದ್ದರೆ ಕಂಪನಿ ವಿವರ ತೆಗೆದು ಇಲ್ಲಿ ಹಾಕಿ. ಉಡುಪಿ, ಮಣಿಪಾಲ ಕಡೆಯ ಅನುಭವಿಗಳು ಶನಿವಾರ ಸಿಗುವುದಾದರೆ ನಾನೇ ಅಲ್ಲಿಗೆ ಬರುತ್ತೇನೆ.